ಅರ್ಜಿಯ ಇಂಗ್ಲಿಷ್: ಭಾವನಾಮಗಳ ಮುಂದೆ ‘ಎ’, ‘ದಿ’ ಯಾವಾಗ?



ವಿದ್ಯಾರ್ಥಿವೇತನ ಕೋರಿ ಇಂಗ್ಲಿಷಿನಲ್ಲಿ ಪತ್ರ ಬರೆಯುವಾಗ ಎಜುಕೇಶನ್, ಪಾವರ್ಟಿ, ಹೋಪ್ ಮುಂತಾದ ಪದಗಳು ಬಂದೇ ಬರುತ್ತವೆ. ಕಣ್ಣಿಗೆ ಕಾಣದ, ಮನಸ್ಸಿಗೆ ಮಾತ್ರ ತಿಳಿಯುವ ಇಂಥ ಪದಗಳೇ ಭಾವನಾಮಗಳು. ಇವುಗಳ ಮುಂದೆ ಎ, ಆ್ಯನ್, ದಿ ಎಂಬ ಆರ್ಟಿಕಲ್ ಹಾಕಬೇಕೇ, ಬೇಡವೇ? ಕನ್ನಡದಲ್ಲಾಗಲಿ ಉರ್ದುವಿನಲ್ಲಾಗಲಿ ಆರ್ಟಿಕಲ್ ಇಲ್ಲದ್ದರಿಂದ ಗೊಂದಲ ಸಹಜ. ಅರಬ್ಬಿ ಓದಿದವರಿಗೆ ‘ಅಲ್’ ಗೊತ್ತು. ಅಲ್ಲಿ ಜ್ಞಾನವನ್ನು ಕುರಿತು ಸಾಮಾನ್ಯವಾಗಿ ಹೇಳುವಾಗಲೂ ‘ಅಲ್-ಇಲ್ಮ್’ ಎನ್ನುತ್ತಾರೆ. ಇಂಗ್ಲಿಷಿನ ಪದ್ಧತಿ ಬೇರೆ.

1. ಸಾಮಾನ್ಯ ಅರ್ಥವಿದ್ದರೆ ಆರ್ಟಿಕಲ್ ಬೇಡ. ‘ಎಜುಕೇಶನ್ ಗಿವ್ಸ್ ಕರೇಜ್’ ಸರಿ. ‘ದಿ ಎಜುಕೇಶನ್ ಗಿವ್ಸ್ ದಿ ಕರೇಜ್’ ತಪ್ಪು.

2. ಯಾರದು, ಯಾವುದರದು ಎಂದು ಗೊತ್ತುಪಡಿಸಿದರೆ ‘ದಿ’ ಬೇಕು. ಬರೀ ‘ಹಿಸ್ಟರಿ’ ಎಂದರೆ ಚರಿತ್ರೆ. ಕದಂಬರ ಸ್ತಂಭಶಾಸನವಿರುವ ಊರಿನ ಚರಿತ್ರೆ ‘ದಿ ಹಿಸ್ಟರಿ ಆಫ್ ತಾಳಗುಂದ’. ಹಾಗೆಯೇ ಪಕ್ಷಿಧಾಮದ ಸೊಬಗು ‘ದಿ ಬ್ಯೂಟಿ ಆಫ್ ಗುಡವಿ’. ಆದರೆ ಮೈ, ಅವರ್, ಹರ್ ಇದ್ದಲ್ಲಿ ‘ದಿ’ ಸೇರಿಸಬಾರದು: ‘ಮೈ ಮದರ್ಸ್ ಪೇಷನ್ಸ್’.

3. ಒಂದು ಬಗೆಯದು ಎಂದು ವಿಶೇಷಣ ಸೇರಿಸಿ ಹೇಳುವಾಗ ಕೆಲವು ಭಾವನಾಮಗಳಿಗೆ ‘ಎ’ ಬರುತ್ತದೆ: ‘ಎ ಗುಡ್ ಎಜುಕೇಶನ್’. ಅಡ್ವೈಸ್, ಇನ್ಫರ್ಮೇಶನ್, ಪ್ರೋಗ್ರೆಸ್ ಪದಗಳಿಗೆ ಮಾತ್ರ ವಿಶೇಷಣವಿದ್ದರೂ ‘ಎ’ ಇಲ್ಲ. ‘ಗುಡ್ ಅಡ್ವೈಸ್’ ಎಂದಷ್ಟೇ ಬರೆಯಿರಿ.

4. ‘ಲಿಟಲ್’ ಬಂದಾಗ ಎಚ್ಚರ. ‘ಐ ಹ್ಯಾವ್ ಲಿಟಲ್ ಹೋಪ್’ ಎಂದರೆ ನನಗೆ ಭರವಸೆ ಇಲ್ಲವೆನ್ನುವಷ್ಟು ಕಡಿಮೆ. ‘ಐ ಹ್ಯಾವ್ ಎ ಲಿಟಲ್ ಹೋಪ್’ ಎಂದರೆ ಸ್ವಲ್ಪವಾದರೂ ಭರವಸೆ ಇದೆ. ಒಂದೇ ಅಕ್ಷರ, ಅದು ಬಿಟ್ಟುಹೋದರೆ ಮುಂದೆ ಓದುವ ಆಸೆಯಿಂದ ಬರೆದ ಅರ್ಜಿ ಆಸೆ ಕೈಬಿಟ್ಟವರ ಮಾತಾಗುತ್ತದೆ.

ಅಭ್ಯಾಸ: ಬೇಕಾದಲ್ಲಿ ಮಾತ್ರ ಆರ್ಟಿಕಲ್ ತುಂಬಿರಿ.

ಅ) ಐ ಹ್ಯಾವ್ ___ ಸ್ಟ್ರಾಂಗ್ ಡಿಸೈರ್ ಟು ಸ್ಟಡಿ.
ಆ) ಐ ಕೆನಾಟ್ ಫರ್ಗೆಟ್ ___ ಕೈಂಡ್‌ನೆಸ್ ಆಫ್ ಮೈ ಟೀಚರ್.
ಇ) ಶೀ ಗೇವ್ ಮೀ ___ ಯೂಸ್‌ಫುಲ್ ಇನ್ಫರ್ಮೇಶನ್.
ಈ) ___ ಪಾವರ್ಟಿ ಈಸ್ ನಾಟ್ ಎ ಕ್ರೈಮ್.

ಉತ್ತರ: ಅ) ಎ, ಆ) ದಿ, ಇ) ಬೇಡ, ಈ) ಬೇಡ.

ಅರ್ಜಿ ಬರೆದಾದ ಮೇಲೆ ಪ್ರತಿ ಭಾವನಾಮದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, ‘ಇದು ಸಾಮಾನ್ಯವೋ, ಗೊತ್ತುಪಡಿಸಿದ್ದೋ?’ ಎಂದು ಕೇಳಿಕೊಳ್ಳಿ. ಆಮೇಲೆ ಶುದ್ಧಪ್ರತಿ ತೆಗೆಯಿರಿ.