ಗ್ರಾಮದ ಯೋಜನೆಯಲ್ಲಿ ಬೇಡಿಕೆ ಉಳಿಸಿಕೊಳ್ಳುವುದು ಹೇಗೆ?

ಮುಂದಿನ ವರ್ಷ ಊರಿನ ಯಾವ ಕಟ್ಟೆಯ ಹೂಳು ತೆಗೆಯಬೇಕು, ಯಾವ ಓಣಿಗೆ ಚರಂಡಿ ಬರಬೇಕು, ಯಾವ ಅಂಗನವಾಡಿಗೆ ಶೌಚಾಲಯ ಕಟ್ಟಬೇಕು ಎಂಬುದನ್ನು ತೀರ್ಮಾನಿಸುವ ದಾಖಲೆಯೇ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ. ಕರ್ನಾಟಕದಲ್ಲಿ ಇದು ‘ನಮ್ಮ ಗ್ರಾಮ ನಮ್ಮ ಯೋಜನೆ’ ಎಂಬ ಹೆಸರಿನಲ್ಲೂ ನಡೆದಿದೆ. ಇದಕ್ಕೆ ಆಧಾರ ಸಂವಿಧಾನದ 243ಜಿ ವಿಧಿ ಮತ್ತು ರಾಜ್ಯದ 1993ರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ. ನಾಗರಿಕರಿಗೆ ಇಷ್ಟು ಕಾನೂನು ತತ್ವ ಸಾಕು. ಹೆಚ್ಚಿನವರು ಸೋಲುವುದು ಕಾನೂನು ಗೊತ್ತಿಲ್ಲದೆ ಅಲ್ಲ, ಒಂದು ವಹಿಯಲ್ಲಿ ಸಹಿ ಹಾಕಿದ ಸ್ಥಳ ನೋಡದೆ.

ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ಊರಿನ ಮಟ್ಟಕ್ಕೆ 9 ವಿಷಯಗಳಾಗಿ ಇಳಿಸಿದೆ: ಬಡತನ ನಿವಾರಣೆ ಮತ್ತು ಜೀವನೋಪಾಯ, ಆರೋಗ್ಯ, ಮಕ್ಕಳು, ನೀರು, ಸ್ವಚ್ಛತೆ ಮತ್ತು ಹಸಿರು, ಮೂಲಸೌಕರ್ಯ, ಸಾಮಾಜಿಕ ಭದ್ರತೆ, ಉತ್ತಮ ಆಡಳಿತ, ಮಹಿಳೆಯರು. ಪಂಚಾಯಿತಿ ಇವುಗಳಲ್ಲಿ ಒಂದನ್ನೋ ಕೆಲವನ್ನೋ ಆಯ್ದು ಸಂಕಲ್ಪ ಮಾಡುತ್ತದೆ. ಸಂಕಲ್ಪಕ್ಕೆ ಖರ್ಚಿಲ್ಲ. ಹಾಗಾಗಿ ‘ಸಮೃದ್ಧ ನೀರಿನ ಗ್ರಾಮ’ ಎಂದು ಬ್ಯಾನರ್ ಕಟ್ಟಿದ ಪಂಚಾಯಿತಿಯ ಕ್ರಿಯಾ ಯೋಜನೆ ತೆರೆದರೆ ಮೊದಲ ಸಾಲಿನಿಂದ ಕೊನೆಯವರೆಗೆ ಸಿ.ಸಿ. ರಸ್ತೆಯೇ ಇರುವುದುಂಟು. ಬ್ಯಾನರ್ ನೋಡಿ ಸಮಾಧಾನ ಪಡಬಾರದು. ಆ ವಿಷಯದ ಅಡಿಯಲ್ಲಿ ಎಷ್ಟು ಕಾಮಗಾರಿ, ಎಷ್ಟು ಹಣ ಎಂದು ಕೇಳಬೇಕು.

ಕೇಳುವ ಜಾಗ ಗ್ರಾಮಸಭೆ. ಅದಕ್ಕೆ ಮೊದಲು ಜನವಸತಿ ಸಭೆ ಮತ್ತು ವಾರ್ಡ್ ಸಭೆ ನಡೆದು, ಅಲ್ಲಿನ ಬೇಡಿಕೆಗಳು ಮೇಲಕ್ಕೆ ಬರಬೇಕು. ವಾರ್ಡಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ವಾರ್ಡ್ ಸಭೆಯ ಸದಸ್ಯರೇ. ಬರಲು ಯಾರ ಆಹ್ವಾನವೂ ಬೇಡ, ಮಾತಾಡಲು ಯಾರ ಅಪ್ಪಣೆಯೂ ಬೇಡ. ವಾರ್ಡ್ ಸಭೆಯ ಕೋರಂ ಮತದಾರರ ಹತ್ತನೇ ಒಂದು ಭಾಗ ಅಥವಾ 20 ಜನ, ಯಾವುದು ಕಡಿಮೆಯೋ ಅದು. ಗ್ರಾಮಸಭೆಗೆ ಇದೇ ಲೆಕ್ಕದಲ್ಲಿ 100 ಜನ. ಹಾಜರಾದವರಲ್ಲಿ ಸಾಧ್ಯವಾದಷ್ಟು ಮಟ್ಟಿಗೆ ಶೇ 30ರಷ್ಟು ಮಹಿಳೆಯರಿರಬೇಕು; ಪರಿಶಿಷ್ಟ ಜಾತಿ, ಪಂಗಡದವರು ಜನಸಂಖ್ಯೆಗೆ ತಕ್ಕಂತೆ ಇರಬೇಕು. 800 ಮತದಾರರ ವಾರ್ಡಿನಲ್ಲೂ 20 ಜನ ಸೇರಿದರೆ ಸಭೆ ಸಿಂಧು. ಗುತ್ತಿಗೆದಾರನ ಕಡೆಯವರು ಇಪ್ಪತ್ತು ಜನ ಬಂದರೆ ಅವರದೇ ಸಭೆಯಾಗುವುದೂ ಇದೇ ಲೆಕ್ಕದಿಂದ.

ಆರು ತಿಂಗಳಿಗೊಮ್ಮೆಯಾದರೂ ಸಭೆ ಕರೆಯಬೇಕೆಂಬುದು ಕಾನೂನು. ಕರೆಯದಿದ್ದರೆ ಶೇ 10ರಷ್ಟು ಸದಸ್ಯರು ಚರ್ಚೆಯ ವಿಷಯಗಳನ್ನು ನಮೂದಿಸಿ ಲಿಖಿತವಾಗಿ ಕೇಳಿ ವಿಶೇಷ ಸಭೆ ಕರೆಸಬಹುದು. ಗ್ರಾಮಸಭೆ ಮತದಾರರದ್ದಾದ್ದರಿಂದ, ಚುನಾಯಿತರ ಅವಧಿ ಮುಗಿದು ಆಡಳಿತಾಧಿಕಾರಿ ಬಂದ ಮಾತ್ರಕ್ಕೆ ಅದು ಇಲ್ಲವಾಗುವುದಿಲ್ಲ. ಪುರಸಭೆ, ಪಟ್ಟಣ ಪಂಚಾಯಿತಿಗೆ ಸೇರಿಹೋದ ಹಳ್ಳಿಗಳಿಗೆ ಮಾತ್ರ ಈ ದಾರಿ ಇಲ್ಲ.

ಈಗ ಆ ವಹಿಯ ವಿಷಯ. ಸಭೆಯ ದಿನ ಶಾಮಿಯಾನದ ಬಾಯಲ್ಲೇ ಒಂದು ಮೇಜು, ಅದರ ಮೇಲೆ ಉದ್ದನೆಯ ನಡಾವಳಿ ಪುಸ್ತಕ. ಪುಟದ ತಲೆಗೆ ದಿನಾಂಕ, ಸಭೆಯ ಹೆಸರು; ಅದರ ಕೆಳಗೆ ಮುಕ್ಕಾಲು ಪುಟ ಖಾಲಿ; ಮುಂದಿನ ಹಾಳೆಯಿಂದ ಕ್ರಮಸಂಖ್ಯೆ, ಹೆಸರು, ಸಹಿ. ಬಿಲ್ ಕಲೆಕ್ಟರ್ ಪೆನ್ನು ಕೊಡುತ್ತಾನೆ, ‘ಹಾಜರಾತಿಗೆ ಒಂದು ಸಹಿ’ ಅನ್ನುತ್ತಾನೆ. ಜನ ಸಹಿ ಮಾಡಿ, ಹೆಬ್ಬೆಟ್ಟು ಒತ್ತಿ ಒಳಗೆ ಹೋಗುತ್ತಾರೆ, ಎರಡು ಗಂಟೆ ಜಗಳಾಡುತ್ತಾರೆ, ಅಧ್ಯಕ್ಷರು ‘ಆಯ್ತು, ಬರ್ಕೊಂಡಿದ್ದೀವಿ’ ಎನ್ನುತ್ತಾರೆ. ಖಾಲಿ ಮುಕ್ಕಾಲು ಪುಟ ತುಂಬುವುದು ಆಮೇಲೆ. ‘ಸಭೆಯು ಸರ್ವಾನುಮತದಿಂದ ಅನುಮೋದಿಸಿತು’ ಎಂಬ ವಾಕ್ಯದ ಬೆನ್ನಿಗೆ ನೂರು ಸಹಿ ಸಿದ್ಧವಾಗಿರುತ್ತವೆ. ಕೆರೆ ಕೇಳಿದ ಹೆಣ್ಣುಮಗಳ ಹೆಬ್ಬೆಟ್ಟೇ ರಸ್ತೆಗೆ ಸಾಕ್ಷಿಯಾಗುತ್ತದೆ.

ಹಾಜರಾತಿ ಸಹಿ ಬಂದದ್ದಕ್ಕೆ ಗುರುತೇ ಹೊರತು ಒಪ್ಪಿಗೆಯಲ್ಲ. ಆದರೆ ತಕರಾರು ಎದ್ದಾಗ ಪಂಚಾಯಿತಿ ಮುಂದಿಡುವುದು ಅದೇ ಪುಟವನ್ನು. ‘ನಾವು ಹಾಗೆ ಹೇಳಿರಲಿಲ್ಲ’ ಎಂದು ಸಾಬೀತುಪಡಿಸುವ ಹೊರೆ ಜನರ ತಲೆಗೆ ಬೀಳುತ್ತದೆ. ಆದ್ದರಿಂದ ಸಹಿಯ ಪಕ್ಕ ‘ಹಾಜರಿ ಮಾತ್ರ’ ಎಂದೂ ದಿನಾಂಕವನ್ನೂ ಬರೆಯಬೇಕು. ಸಭೆ ಮುಗಿಯುವ ಮೊದಲು ಠರಾವುಗಳನ್ನು ಅಲ್ಲೇ ಬರೆದು ಗಟ್ಟಿಯಾಗಿ ಓದಲು ಪಟ್ಟು ಹಿಡಿಯಬೇಕು. ಓದಿದ ಪುಟದ, ಕೊನೆಯ ಸಹಿಯ ಪುಟದ ಫೋಟೋ ಮೊಬೈಲಿನಲ್ಲಿರಲಿ. ‘ಫೋಟೋ ತೆಗೆಯುವಂತಿಲ್ಲ’ ಎಂದು ಗದರುವ ಪಿಡಿಒಗಳಿದ್ದಾರೆ. ಊರವರೆದುರು ನಡೆಯುವ ಸಭೆಯ ನಡಾವಳಿ ರಹಸ್ಯವಲ್ಲ. ಯಾವ ನಿಯಮದಡಿ ತೆಗೆಯುವಂತಿಲ್ಲ ಎಂದು ಬರೆದುಕೊಡಿ ಅಂದರೆ ಸಾಮಾನ್ಯವಾಗಿ ಮಾತು ಅಲ್ಲಿಗೇ ನಿಲ್ಲುತ್ತದೆ.

ಬಾಯಿಮಾತಿನ ಬೇಡಿಕೆಯನ್ನು ನೆಚ್ಚಬಾರದು. ಸಭೆಗೆ ಮೊದಲೇ ಒಂದು ಪುಟದ ಅರ್ಜಿ ಎರಡು ಪ್ರತಿ ಬರೆದು, ಒಂದನ್ನು ಪಂಚಾಯಿತಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಬೇಕು. ‘ಸಾಹೇಬರಿಲ್ಲ, ನಾಳೆ ಬನ್ನಿ’ ಎಂದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳುವುದು. ಅರ್ಜಿಯಲ್ಲಿ ಜಾಗ ಖಚಿತವಾಗಿರಲಿ. ‘ನೀರಿನ ಸಮಸ್ಯೆ ಪರಿಹರಿಸಿ’ ಎಂದು ಬರೆದದ್ದು ಯಾವ ಕಾಮಗಾರಿಯೂ ಆಗುವುದಿಲ್ಲ. ‘ಶಾಲೆಯ ಹಿಂದಿನ ಕೊಳವೆಬಾವಿಗೆ ಇಂಗುಗುಂಡಿ’ ಎಂದದ್ದು ಆಗುತ್ತದೆ.

ಆದರೆ ಖಚಿತವಾಗಿ ಕೇಳಿದ್ದೆಲ್ಲ ಪಂಚಾಯಿತಿಯ ಕೈಯಲ್ಲಿರುವುದಿಲ್ಲ. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿರುವ ಕೆರೆ ಸಣ್ಣ ನೀರಾವರಿ ಇಲಾಖೆಗೆ ಸೇರುತ್ತದೆ. ಅಲ್ಲಿ ಗ್ರಾಮಸಭೆಯ ಠರಾವು ಇಲಾಖೆಗೆ ಕಳಿಸುವ ಒತ್ತಾಯಪತ್ರವಷ್ಟೇ. ಕೆರೆ ಒತ್ತುವರಿ ತೆರವಿಗೆ ತಹಶೀಲ್ದಾರರ ಬಾಗಿಲಿಗೇ ಹೋಗಬೇಕು. ಇದನ್ನು ಮೊದಲೇ ಹೇಳದೆ ವರ್ಷಗಟ್ಟಲೆ ಅರ್ಜಿ ಇಟ್ಟುಕೊಂಡು ಕೂರುವುದು ಕಚೇರಿಗಳ ಹಳೇ ಚಾಳಿ. ಕೊಟ್ಟ ಅರ್ಜಿ ಯಾರ ವ್ಯಾಪ್ತಿಯದು ಎಂದು ಹಿಂಬರಹ ಕೇಳಿ ಪಡೆಯಬೇಕು.

‘ಅನುದಾನವಿಲ್ಲ’ ಎಂಬ ಉತ್ತರವನ್ನೂ ಹಾಗೇ ನುಂಗಬಾರದು. 2021-22ರಿಂದ 2025-26ರ ಅವಧಿಗೆ 15ನೇ ಹಣಕಾಸು ಆಯೋಗ ಪಂಚಾಯಿತಿ ಅನುದಾನದ ಶೇ 60ನ್ನು ಕಟ್ಟುಪಾಡಿಗೆ ಒಳಪಡಿಸಿತ್ತು: ಅರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹ, ನೀರಿನ ಮರುಬಳಕೆಗೆ, ಇನ್ನರ್ಧ ನೈರ್ಮಲ್ಯಕ್ಕೆ. ಉಳಿದ ಶೇ 40 ಊರಿನ ಅಗತ್ಯಕ್ಕೆ, ಅದೂ ಸಂಬಳ ಮತ್ತು ಆಡಳಿತ ವೆಚ್ಚ ಬಿಟ್ಟು. ಹೀಗೆ ಪ್ರತಿ ಅನುದಾನಕ್ಕೂ ಅದರದೇ ಷರತ್ತಿರುತ್ತದೆ. ಯಾವ ಅನುದಾನ, ಯಾವ ತಲೆಬರಹದಲ್ಲಿ ಎಷ್ಟು ಉಳಿದಿದೆ ಎಂದು ಬಿಡಿಸಿ ಕೇಳಿದರೆ ಮಾತ್ರ ಉತ್ತರ ಬಿಡಿಸಿ ಬರುತ್ತದೆ.

ಕಾಲವೂ ಮುಖ್ಯ. ಮುಂದಿನ ಸಾಲಿನ ಯೋಜನೆಯ ಅಭಿಯಾನ ಸಾಮಾನ್ಯವಾಗಿ ಅಕ್ಟೋಬರ್ 2ರ ಸುಮಾರಿಗೆ ಶುರುವಾಗುತ್ತದೆ. ಬೇಸಿಗೆಯಲ್ಲಿ ನಲ್ಲಿ ಒಣಗಿದ ಮೇಲೆ ಅರ್ಜಿ ಹಿಡಿದು ಹೋದವರಿಗೆ ‘ಪ್ಲಾನ್ ಅಪ್‌ಲೋಡ್ ಆಗಿದೆ’ ಎಂಬ ಉತ್ತರ ಕಾದಿರುತ್ತದೆ. ಆ ಉತ್ತರ ಅರ್ಧಸತ್ಯ: ಗ್ರಾಮಸಭೆಯ ಒಪ್ಪಿಗೆಯೊಂದಿಗೆ ಪೂರಕ ಯೋಜನೆ ಸೇರಿಸಲು ಅವಕಾಶವಿದೆ. ತುರ್ತಿಲ್ಲದ ಬೇಡಿಕೆಗೆ ಅದನ್ನು ನೆಚ್ಚುವುದು ಮಾತ್ರ ಜಾಣತನವಲ್ಲ.

ಅಪ್‌ಲೋಡ್ ಆದ ಯೋಜನೆಯನ್ನು 2020ರಲ್ಲಿ ಆರಂಭವಾದ ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಪಾಸ್‌ವರ್ಡ್ ಬೇಡ, ಸೈಬರ್ ಸೆಂಟರಿನವನಿಗೆ ನೂರಿನ್ನೂರು ತೆರಬೇಕಾಗಿಯೂ ಇಲ್ಲ. ನೋಡುವಾಗ ಕಾಮಗಾರಿಯ ಹೆಸರಿನ ಮೇಲೆ ಕಣ್ಣಿಡಬೇಕು. ‘ಇಂಥವರ ಮನೆಯಿಂದ ಇಂಥವರ ಮನೆವರೆಗೆ ಚರಂಡಿ’ ಎಂದಿದ್ದರೆ ಹೋಗಿ ಅಳೆದು ನೋಡಬಹುದು. ‘ಗ್ರಾಮದ ವಿವಿಧ ಕಡೆ ಚರಂಡಿ ದುರಸ್ತಿ’ ಎಂದಿದ್ದರೆ ಅಳೆಯಲು ಜಾಗವೇ ಇಲ್ಲ. ಅಂಥ ಸಾಲು ಕಂಡಲ್ಲಿ ಅಂದಾಜುಪಟ್ಟಿ, ಅಳತೆ ಪುಸ್ತಕ ಕೇಳುವುದು ಒಳ್ಳೆಯದು.

ಕೇಳುವುದಕ್ಕೆ ಮಾಹಿತಿ ಹಕ್ಕಿದೆ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಆದರೆ ಕರ್ನಾಟಕದ ನಿಯಮದಲ್ಲಿ ಒಂದು ಕೊಕ್ಕೆಯಿದೆ: ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ನಡಾವಳಿ, ಬಿಲ್ಲು, ಸಿಬ್ಬಂದಿ ಹಾಜರಾತಿ ಎಲ್ಲವನ್ನೂ ಒಂದೇ ಹಾಳೆಗೆ ತುರುಕಿದರೆ ತಿರಸ್ಕರಿಸಲು ನೆಪ ಕೊಟ್ಟಂತೆ. ‘ಇಂಥ ದಿನಾಂಕದ ಗ್ರಾಮಸಭೆಯ ನಡಾವಳಿ ಮತ್ತು ಹಾಜರಾತಿ ಪುಟಗಳ ದೃಢೀಕೃತ ಪ್ರತಿ’ ಎಂದಷ್ಟೇ ಬರೆದರೆ ಸಾಕು. 30 ದಿನದಲ್ಲಿ ಉತ್ತರ ಬಾರದಿದ್ದರೆ ಅದು ನಿರಾಕರಣೆಯೇ; ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಫಲಿಸದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಆಯೋಗದಲ್ಲಿ ಸರದಿ ಬರುವಷ್ಟರಲ್ಲಿ ಆ ಸಾಲಿನ ಯೋಜನೆ ಮುಗಿದಿರಬಹುದು ಎಂಬುದನ್ನೂ ತಿಳಿದಿರಬೇಕು.

ಮಾಹಿತಿ ಹಕ್ಕಿನಿಂದ ಕಾಗದ ಸಿಗುತ್ತದೆ, ಯೋಜನೆ ಬದಲಾಗುವುದಿಲ್ಲ. ಠರಾವು ತಿರುಚಲಾಗಿದೆ ಎಂದು ಕಂಡರೆ ಸ್ವೀಕೃತಿ ಪ್ರತಿ, ಫೋಟೋ, ನಡಾವಳಿಯ ನಕಲು ಸೇರಿಸಿ ತಾಲ್ಲೂಕು ಪಂಚಾಯಿತಿಯ ಇಒಗೂ ಜಿಲ್ಲಾ ಪಂಚಾಯಿತಿಯ ಸಿಇಒಗೂ ದೂರು ಕೊಡಬೇಕು. ಯೋಜನೆಗೆ ಕಾಮಗಾರಿ ಸೇರಿಸಲು ಯಾವ ಶುಲ್ಕವೂ ಇಲ್ಲ. ಪರ್ಸೆಂಟೇಜ್ ಕೇಳಿದ ನೌಕರನ ವಿಷಯ ಲೋಕಾಯುಕ್ತ ಪೊಲೀಸರಿಗೆ. ಎಲ್ಲವೂ ಮುಗಿದ ಮೇಲೆ ಉಳಿಯುವುದು ಹೈಕೋರ್ಟಿನಲ್ಲಿ ರಿಟ್ ಅರ್ಜಿ: ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠ. ವಕೀಲರ ಫೀಸಿಗೆ ಹೆದರುವ ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಆದಾಯ ಎಷ್ಟೇ ಇದ್ದರೂ ಉಚಿತ ನೆರವಿಗೆ ಅರ್ಹತೆಯಿದೆ. ಅರ್ಜಿಯನ್ನು ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೊಡಬಹುದು.