ಕೋಡಿ ಮುಚ್ಚಿದ ಚಿಕ್ಕಪ್ಪ

1933ರಲ್ಲಿ ಕೋಡಿ ಬಿದ್ದಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಬರ ಉಂಡು ಬೆಳೆದ ಸೀಮೆ ನಮ್ಮದು. ಅಂಥ ಮಳೆ ಬಂದಾಗ ನೀರು ಕಂಡವರೆಲ್ಲ ಹಿಡಿದಿಟ್ಟುಕೊಳ್ಳಲು ನೋಡುತ್ತಾರೆ. ನಮ್ಮ ಚಿಕ್ಕಪ್ಪನೂ ನೋಡಿದ. ವರವು ಕಾವಲಿನ ಇಳಿಜಾರಿಗೆ, ನಮ್ಮ ಹೊಲದಲ್ಲೇ ಇರುವ ಮಣ್ಣಿನ ಕಟ್ಟೆಯ ಕೋಡಿಗೆ ಮರಳು ಚೀಲ ಪೇರಿಸಿ ಎರಡಡಿ ನೀರು ಜಾಸ್ತಿ ನಿಲ್ಲಿಸಿದ. ನಾನು ಬೇಡವೆಂದೆ. "ಹರಿದು ಹೋಗೋ ನೀರು ಯಾರಪ್ಪನ ಗಂಟೋ?" ಅಂದ.

ತಿಪ್ಪೇರುದ್ರಸ್ವಾಮಿ ಕೆರೆ ಕಟ್ಟಿಸಿದ ನಾಯಕನಹಟ್ಟಿ ಸೀಮೆಯವರಿಗೆ ಕೋಡಿ ಯಾಕಿದೆ ಅಂತ ಹೇಳಿಕೊಡಬೇಕಾ? ಹೇಳಿಕೊಡಬೇಕಾಯಿತು, ಅದೂ ಮನೆಯವರಿಗೇ.

ಕಾವಲಿನ ನೆಲ ಗಟ್ಟಿ. ಜೋರು ಮಳೆ ಹೊಡೆದರೆ ಇಂಗಲು ಪುರಸೊತ್ತಿಲ್ಲದೆ ಸೀದಾ ಹಳ್ಳಕ್ಕೆ ಇಳಿಯುತ್ತದೆ. ಚೀಲ ಪೇರಿಸಿದ ಮೇಲೆ ಅಂಥ ಮಳೆ ಹೊಡೆದ ಒಂದು ರಾತ್ರಿ ಬ್ಯಾಟರಿ ಹಿಡಿದು ಕಟ್ಟೆಗೆ ಹೋದಾಗ ನೀರು ಏರಿಯ ನೆತ್ತಿಗೆ ಒಂದು ಗೇಣು ಕೆಳಗಿತ್ತು. ಅದಕ್ಕಿಂತ ಹೆದರಿಸಿದ್ದು ಹಿಂಬದಿಯ ಬುಡ. ಹಿಂದೆ ಕಡಿದುಹಾಕಿದ್ದ ಬಳ್ಳಾರಿ ಜಾಲಿಯ ಬೊಡ್ಡೆ ಪಕ್ಕದಲ್ಲೇ ಹೆಬ್ಬೆರಳು ಗಾತ್ರದ ಒರತೆ ಎದ್ದಿತ್ತು. ಬೊಗಸೆಯಲ್ಲಿ ಹಿಡಿದು ಬೆಳಕು ಬಿಟ್ಟೆ. ಕೆಂಪು ನೀರು, ಬೆರಳ ಸಂದಿಯಲ್ಲಿ ನುಣ್ಣನೆ ಮಣ್ಣು. ತಿಳಿನೀರು ಜಿನುಗಿದರೆ ಕಾದು ನೋಡಬಹುದು. ಕೆಂಪು ನೀರು ಬಂತೆಂದರೆ ಏರಿ ಒಳಗೊಳಗೇ ಕರಗಿ ಹೊರಗೆ ಬರುತ್ತಿದೆ ಅಂತಲೇ ಲೆಕ್ಕ. ಕೆಳಗೆ ಹಳ್ಳದ ದಂಡೆಯಲ್ಲಿ ಕುರಿರೊಪ್ಪ. ಕುರಿ ಕಾಯುವ ಹುಡುಗರು ಟಾರ್ಪಾಲಿನಡಿ ಮಲಗಿದ್ದರು. ಎಬ್ಬಿಸಿ ದಿಣ್ಣೆ ಹತ್ತಿಸು ಅಂತ ತಮ್ಮನನ್ನು ಓಡಿಸಿದೆ.

ಅಷ್ಟರಲ್ಲಿ ಚಿಕ್ಕಪ್ಪ ಮಂಕರಿಯಲ್ಲಿ ಮಣ್ಣು ತಂದು ತೂತಿಗೆ ತುರುಕಲು ಕೂತಿದ್ದ. "ಮುಚ್ಚಬೇಡ ಚಿಕ್ಕಪ್ಪ, ಇನ್ನೊಂದು ಕಡೆ ಕಿತ್ಕೊಂಡು ಬರ್ತದೆ" ಎಂದು ಕೂಗಿಕೊಂಡೆ. ಪಂಪ್‌ಹೌಸ್‌ಗೆ ತಂದಿದ್ದ ಮರಳನ್ನು ಒರತೆಯ ಮೇಲೆ ಸುರಿದು, ಅದರ ಮೇಲೆ ಜಲ್ಲಿ, ಜಲ್ಲಿಯ ಮೇಲೆ ದಪ್ಪ ಕಲ್ಲು ಹೇರಿದೆವು. ನೀರು ಹೋಗಬೇಕು, ಮಣ್ಣು ಹೋಗಬಾರದು. ಆಮೇಲೆ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಕೋಡಿಗಿಳಿದೆ. ನೆನೆದ ಚೀಲಗಳು ಹೆಣಭಾರ. ಒಟ್ಟಿಗೆ ಕಿತ್ತರೆ ಕೆಳಗಿನವರ ಗತಿ ಏನು? ಮೇಲಿನಿಂದ ಒಂದೊಂದೇ ಹಾರೆ ಹಾಕಿ ಮೀಟಿದೆ. ಬೆಳಕು ಹರಿಯುವ ಹೊತ್ತಿಗೆ ನೀರು ಮೊಳದಷ್ಟು ಇಳಿದು, ಕಲ್ಲಿನ ಸಂದಿಯಿಂದ ಬರುತ್ತಿದ್ದದ್ದು ತಿಳಿಯಾಗಿತ್ತು.

ಕಟ್ಟೆ ಹೊಸದಾಗಿದ್ದಾಗ ಒಬ್ಬ ಇಂಜಿನಿಯರನ್ನು ಕರೆತಂದು ತೋರಿಸಿದ್ದೆ. "ಖಾಸಗಿ ಜಮೀನು, ನಮಗೆ ಬರಲ್ಲ" ಎಂದು ಟೀ ಕುಡಿದು ಹೋದರು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಹಿಡಿಯುವುದು 15 ಮೀಟರ್ ಮೀರಿದವನ್ನು, ಕೆಲವು ಷರತ್ತಿನ ಮೇಲೆ 10 ಮೀಟರ್ ದಾಟಿದವನ್ನು. ನಮ್ಮದು 15 ಅಡಿಯೂ ಇಲ್ಲ. ಹೊಲದ ಕಟ್ಟೆಗೆ ಹೊಲದವನೇ ಇಂಜಿನಿಯರ್.

ಕಟ್ಟಿಸುವವರಿಗೆ ಇಷ್ಟು: ಜೆಸಿಬಿಯಲ್ಲಿ ಮಣ್ಣು ರಾಶಿ ಸುರಿಸಿ ಏರಿ ಅನ್ನಬೇಡಿ. ಮುಕ್ಕಾಲು ಅಡಿ ಪದರ ಹಾಕಿ, ನೀರು ಚಿಮುಕಿಸಿ, ರೋಲರ್ ಹೊಡೆಸಿ. ಚೌಳು ಮಣ್ಣು ಬೇಡವೇ ಬೇಡ, ನೀರು ಸೋಕಿದರೆ ಕದಡಿಹೋಗುತ್ತದೆ. ಜಾಲಿಯನ್ನು ಸಸಿಯಿದ್ದಾಗಲೇ ಕೀಳಿ. ಬಲಿತ ಮೇಲೆ ಕಡಿದರೆ ಬೇರು ಒಳಗೇ ಕೊಳೆತು ನೀರಿಗೆ ದಾರಿ ಕೊಡುತ್ತದೆ. ಹೆಗ್ಗಣದ ಬಿಲ ಅಗೆದು ಹಸಿ ಜೇಡಿ ಕುಟ್ಟಿ. ಕೋಡಿ ಗಟ್ಟಿ ನೆಲದ ಕಡೆಗಿರಲಿ, ಏರಿಯ ನೆತ್ತಿಗಿಂತ ಮೂರಡಿಯಾದರೂ ಕೆಳಗೆ.

ಕಟ್ಟೆ ಉಳಿಯಿತು. ಕೋಡಿ ನೀರು ನುಗ್ಗಿ ಅರ್ಧ ಎಕರೆ ಶೇಂಗಾ ಕೊಚ್ಚಿಹೋಯಿತು, ಅದು ಚಿಕ್ಕಪ್ಪನ ಪಾಲಿನದು. ಚೀಲ ಕಿತ್ತು ನನ್ನ ಬೆಳೆ ಹಾಳು ಮಾಡಿದ ಅಂತ ಇವತ್ತಿಗೂ ಹೋಟೆಲಲ್ಲಿ ಕೂತು ನನ್ನ ಮೇಲೆ ದೂರು ಹೇಳುತ್ತಾನೆ.