ಮನೋವ್ಯಾಧಿಗೂ ಮದ್ದುಂಟು

‘ಮನೋವ್ಯಾಧಿಗೆ ಮದ್ದಿಲ್ಲ’ ಎಂಬುದು ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಗಾದೆ. ಜ್ವರ ಬಂದವನನ್ನು ಒಡನೆಯೇ ವೈದ್ಯರ ಬಳಿಗೆ ಕರೆದೊಯ್ಯುವ ಮನೆಯವರು, ಮನಸ್ಸು ಕದಡಿದವನನ್ನು ಕಂಡರೆ ದೆವ್ವ ಹಿಡಿಯಿತೆಂದೋ ಯಾರೋ ಮಾಟ ಮಾಡಿಸಿದರೆಂದೋ ಭ್ರಮಿಸುತ್ತಿದ್ದರು. ನಾಲ್ಕು ಜನಕ್ಕೆ ತಿಳಿದರೆ ಮನೆತನದ ಮರ್ಯಾದೆ ಹೋದೀತೆಂದು ಅವನನ್ನು ಕೋಣೆಯೊಳಗೆ ಮರೆಮಾಡುತ್ತಿದ್ದುದೂ ಉಂಟು. ಹೀಗೆ ರೋಗದ ನೋವಿನ ಜೊತೆಗೆ ನಾಚಿಕೆಯ ನೋವೂ ಸೇರುತ್ತಿತ್ತು. ಈ ಅಂಜಿಕೆ ಇಂದಿಗೂ ಪೂರ್ಣವಾಗಿ ಅಳಿದಿಲ್ಲ.

ಇದನ್ನು ನೀಗಿಸಲು ದುಡಿದವರಲ್ಲಿ ಶಿವಮೊಗ್ಗೆಯ ಮನೋವೈದ್ಯ ಡಾ. ಕಟೀಲು ಅಶೋಕ್ ಪೈ ಒಬ್ಬರು. ಬೆಂಗಳೂರಿನಲ್ಲಿ ಮನೋರೋಗಿಗಳ ಆಸ್ಪತ್ರೆಯೊಂದು 1847ರಷ್ಟು ಹಿಂದೆಯೇ ಸ್ಥಾಪನೆಯಾಗಿತ್ತು. 1974ರಲ್ಲಿ ಅದು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೊಡನೆ ಸೇರಿ ‘ನಿಮ್ಹಾನ್ಸ್’ ಎನಿಸಿತು. ಆದರೆ ಮಲೆನಾಡಿನ ಬಡ ರೈತನಿಗೆ ಬೆಂಗಳೂರು ದೂರದ ಊರು. ಆ ಚಿಕಿತ್ಸೆ ಜನರ ಬಳಿಗೇ ಬರಬೇಕಾಗಿತ್ತು. ಅಶೋಕ್ ಪೈ ಅವರು ಶಿವಮೊಗ್ಗೆಯನ್ನೇ ತಮ್ಮ ಕಾರ್ಯಕ್ಷೇತ್ರವಾಗಿ ಮಾಡಿಕೊಂಡರು. ಮನಶ್ಶಾಸ್ತ್ರಜ್ಞೆಯಾದ ಪತ್ನಿ ಡಾ. ರಜನಿ ಪೈ ಅವರೊಡನೆ ‘ಮಾನಸ’ ಎಂಬ ಚಿಕಿತ್ಸಾಲಯವನ್ನು ಬೆಳೆಸಿದರು.

ವೈದ್ಯರು ಔಷಧ ಕೊಡುವುದು ಸರಿ. ಮನಸ್ಸಿನ ನೋವಿಗೆ ಆಪ್ತಸಮಾಲೋಚಕರು ಮಾಡುವುದೇನು? ಒಂದು ಉದಾಹರಣೆಯನ್ನು ನೋಡೋಣ. ಭದ್ರಾವತಿಯ ನ್ಯೂ ಟೌನ್ ಕಾರ್ಖಾನೆಯನ್ನು ನೆಚ್ಚಿ ಬೆಳೆದ ಬಡಾವಣೆ. ಆ ಊರಿನ ಕಾಗದದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಹಾಗೆ ದುಡಿಮೆ ತಪ್ಪಿದ ಕಾರ್ಮಿಕನೊಬ್ಬ ಊಟ ನಿದ್ರೆಗಳನ್ನು ತೊರೆದು ಮೌನವಾಗಿ ಕುಳಿತಿದ್ದಾನೆಂದು ಭಾವಿಸೋಣ. ‘ಗಂಡಸಾಗಿ ಧೈರ್ಯಗೆಡಬಹುದೆ?’ ಎಂದು ನೆಂಟರು ಹೇಳುತ್ತಾರೆ. ಆ ಮಾತಿನಿಂದ ಅವನ ಬಾಯಿ ಇನ್ನಷ್ಟು ಬಿಗಿಯುತ್ತದೆ. ಆಪ್ತಸಮಾಲೋಚಕರು ಮೊದಲು ಉಪದೇಶಿಸುವುದಿಲ್ಲ, ಕೇಳುತ್ತಾರೆ. ತಪ್ಪು ಒಪ್ಪುಗಳ ತೀರ್ಪು ಕೊಡದೆ, ಅವನು ತನ್ನ ದುಃಖಕ್ಕೆ ತಾನೇ ಮಾತು ಕೊಡುವವರೆಗೆ ಕಾಯುತ್ತಾರೆ. ಹೇಳಿಕೊಂಡ ದುಃಖದ ಆದಿ ಅಂತ್ಯಗಳು ಹೇಳಿದವನಿಗೇ ಕಾಣತೊಡಗುತ್ತವೆ. ಆಗ ಮುಂದಿನ ದಾರಿಯನ್ನು ಇಬ್ಬರೂ ಕೂಡಿ ಹುಡುಕುತ್ತಾರೆ. ಔಷಧ ಬೇಕೆನಿಸಿದರೆ ಅವನನ್ನು ಮನೋವೈದ್ಯರಲ್ಲಿಗೆ ಕಳುಹಿಸುತ್ತಾರೆ. ಕೇಳಿದ ಗುಟ್ಟನ್ನು ಕಾಪಾಡುವುದು ಅವರ ವೃತ್ತಿಧರ್ಮ. ಜೀವಕ್ಕೆ ಅಪಾಯವೊದಗುವ ಸಂದರ್ಭದಲ್ಲಿ ಮಾತ್ರ ಆ ಗುಟ್ಟನ್ನು ತಕ್ಕವರಿಗೆ ತಿಳಿಸಬಹುದು.

ಆದರೆ ನಾಚಿಕೆಯಿಂದ ಮನೆಯಲ್ಲೇ ಉಳಿದವರನ್ನು ಚಿಕಿತ್ಸಾಲಯ ತಾನಾಗಿ ತಲುಪಲಾರದು. ಅಂಥವರಿಗಾಗಿ ಅಶೋಕ್ ಪೈ ಅವರು ಕನ್ನಡದಲ್ಲಿ ಬರೆದರು. ಚಲನಚಿತ್ರವನ್ನೂ ಈ ಕಾರ್ಯಕ್ಕೆ ಬಳಸಿಕೊಂಡರು. ಸುರೇಶ್ ಹೆಬ್ಳೀಕರ್ ಅವರು ನಿರ್ದೇಶಿಸಿದ ‘ಕಾಡಿನ ಬೆಂಕಿ’, ‘ಆಘಾತ’ ಮುಂತಾದ ಚಿತ್ರಗಳಲ್ಲಿ ಅವರ ಪಾತ್ರ ದೊಡ್ಡದು. ‘ಕಾಡಿನ ಬೆಂಕಿ’ಗೆ ರಾಷ್ಟ್ರಪ್ರಶಸ್ತಿಯೂ ದೊರೆಯಿತು. ಮನಸ್ಸಿನ ತೊಳಲಾಟ ಎಲ್ಲೋ ಯಾರಿಗೋ ಬರುವುದಲ್ಲ, ನಮ್ಮಂಥವರ ಮನೆಗಳಲ್ಲೂ ಇರುವುದೆಂಬ ಅರಿವು ಇಂಥ ಪ್ರಯತ್ನಗಳಿಂದ ಜನರಲ್ಲಿ ಮೂಡಿತು. 2016ರಲ್ಲಿ ಪ್ರವಾಸದಲ್ಲಿದ್ದಾಗ ಅವರು ಸ್ಕಾಟ್ಲೆಂಡಿನಲ್ಲಿ ತೀರಿಕೊಂಡರು.

ಅವರ ಬಳಿಕ ಈ ದಾರಿ ಇನ್ನಷ್ಟು ಅಗಲವಾಗಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಚಿಕಿತ್ಸೆ ಪಡೆಯುವುದನ್ನೂ ಗೋಪ್ಯತೆಯನ್ನೂ ರೋಗಿಯ ಹಕ್ಕೆಂದು ಸಾರಿದೆ. 2022ರ ಅಕ್ಟೋಬರ್ 10ರಂದು ‘ಟೆಲಿ ಮಾನಸ್’ ಸೇವೆ ಆರಂಭವಾಯಿತು. 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ, ಆಪ್ತಸಮಾಲೋಚಕರೊಡನೆ ಕನ್ನಡದಲ್ಲಿಯೇ ಮಾತನಾಡಬಹುದು.

ದಾರಿ ತೆರೆದಿದ್ದರೂ ಮೊದಲ ಹೆಜ್ಜೆಯನ್ನು ಇಡಬೇಕಾದವರು ನೊಂದವರೇ. ಆ ಹೆಜ್ಜೆಗೆ ಬೇಕಾದ ಧೈರ್ಯವನ್ನು ಅವರ ಸುತ್ತಲಿನವರು ಕೊಡಬಹುದು. ಸದಾ ನಗುತ್ತಿದ್ದ ಗೆಳೆಯನೊಬ್ಬ ದಿನಗಟ್ಟಲೆ ಮಂಕಾಗಿ ಒಬ್ಬನೇ ಕುಳಿತಿದ್ದರೆ, ಅವನನ್ನು ಹಾಸ್ಯ ಮಾಡದೆ ಪಕ್ಕದಲ್ಲಿ ಕುಳಿತು ಅವನ ಮಾತನ್ನು ಕೇಳುವುದು, ಹಿರಿಯರೊಬ್ಬರಿಗೆ ತಿಳಿಸಲು ಅವನ ಜೊತೆಗೆ ಹೋಗುವುದು ವಿದ್ಯಾರ್ಥಿಗಳಿಂದಲೂ ಆಗುವ ಕೆಲಸ. ಮನೋವ್ಯಾಧಿಗೂ ಮದ್ದುಂಟು, ಅದರ ಮೊದಲ ಗುಟುಕು, ಕೇಳುವ ಕಿವಿ.